ತಿಮಿಂಗಿಲದ ಜಾಗವನ್ನು ಅಚ್ಚು ಹಾಕಿಸಿದವರಿಗೆ

ಕಡಲಿನ ಜೀವಿಗಳನ್ನು ಕಾಪಾಡುವ ಹೊಣೆ ಹೊತ್ತು ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಪತ್ರ ಜೂನ್ ಕೊನೆಯ ವಾರ ನನ್ನ ಕೈಗೆ ಬಂತು. "ತಿಮಿಂಗಿಲಗಳ ನೆಲೆ ಬದಲಾಗುತ್ತಿರುವ ಹಿನ್ನೆಲೆಯಲ್ಲಿ ಕೈಪಿಡಿಯ ಪರಿಷ್ಕೃತ ಎರಡನೇ ಮುದ್ರಣವನ್ನು ಹೊರತರಲು ಉದ್ದೇಶಿಸಿದ್ದು, ತಮ್ಮಲ್ಲಿರುವ ಇತ್ತೀಚಿನ ಮಾಹಿತಿಯನ್ನು ಹದಿನೈದು ದಿನಗಳ ಒಳಗೆ ಒದಗಿಸಿ ಸಹಕರಿಸುವುದು" ಎಂದು ಬರೆದಿದ್ದೀರಿ. ಒದಗಿಸುವುದಿಲ್ಲ. ಸಹಕರಿಸುವುದೂ ಇಲ್ಲ. ಮೊದಲನೇ ಮುದ್ರಣಕ್ಕೆ ಸಹಕರಿಸಿದ್ದರ ಫಲವಾಗಿ ಒಂದು ತಾಯಿ ತಿಮಿಂಗಿಲ ಬಲೆಯಲ್ಲಿ ಉಸಿರು ಕಟ್ಟಿ ಸತ್ತಿತು. ಅದರ ಮರಿ ಎಲ್ಲಿ ಹೋಯಿತೋ ಗೊತ್ತಿಲ್ಲ. ನಲವತ್ತು ವರ್ಷ ಕಡಲಿಗೆ ಹೋದ ಒಬ್ಬ ಮರ್ಯಾದಸ್ಥ ಮನುಷ್ಯ ತನ್ನದೇ ಊರಿನಲ್ಲಿ ತಲೆ ತಗ್ಗಿಸಿ ನಡೆಯುತ್ತಿದ್ದಾನೆ. ಇನ್ನು ಎರಡನೇ ಮುದ್ರಣ! ಅಲ್ಲ ಮಾರಾಯ್ರೇ, ಮೊದಲನೆಯದು ಸಾಲಲಿಲ್ಲವಾ ನಿಮಗೆ?

ಆ ಪತ್ರ ನನ್ನ ಹೆಸರಿಗೆ ಬಂದದ್ದೂ ಅಲ್ಲ. ನಿಮ್ಮ ಕಡತದಲ್ಲಿ ನಾನು ಇಲ್ಲವೇ ಇಲ್ಲ. ಅದು ಹೋದದ್ದು ಕಡಲ ಬದಿಯ ಒಂದು ಊರಿನ ಸಂಕಪ್ಪ ಎಂಬವರ ಮನೆಗೆ. ಅವರು ಅದನ್ನು ಒಡೆಯದೆ, ಒಂದು ಅಕ್ಷರ ಬರೆಯದೆ, ಮೀನಿನ ಟೆಂಪೋದ ಡ್ರೈವರಿನ ಕೈಯಲ್ಲಿ ನನಗೆ ಕಳುಹಿಸಿಕೊಟ್ಟರು. ಏಕೆ ಎಂದು ಹೇಳುತ್ತೇನೆ. ಹೇಳುವುದು ಸ್ವಲ್ಪ ಉದ್ದ ಆಗುತ್ತದೆ, ಓದಬೇಕು. ನಾನು ನಿಮ್ಮ ಕಚೇರಿಯ ಬೆಂಚಿನಲ್ಲಿ ಒಟ್ಟು ಹನ್ನೊಂದು ದಿನ ಕುಳಿತವ.

ನನ್ನ ಹೆಸರು ಶಾಹುಲ್ ಹಮೀದ್. ಗುರುವಾಯನಕೆರೆಯಲ್ಲಿ ಮೀನಿನ ಅಂಗಡಿ, ಈ ವರ್ಷಕ್ಕೆ ಮೂವತ್ತು ಆಯಿತು. ಎಂಟನೇ ಕ್ಲಾಸಿನ ತನಕ ಕನ್ನಡ ಶಾಲೆ. ಪೇಪರಿಗೂ ಕೊಡುತ್ತಿರುವ ಈ ಪತ್ರದ ತಪ್ಪುಗಳನ್ನು ಮೂಡುಬಿದಿರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಅನಂತಮತಿ ಮೇಡಂ ತಿದ್ದಿಕೊಟ್ಟಿದ್ದಾರೆ. ಸಿಟ್ಟನ್ನೂ ತಿದ್ದಲಿಕ್ಕೆ ಹೊರಟರು, ಅದಕ್ಕೆ ನಾನು ಬಿಡಲಿಲ್ಲ.

ಬೆಳ್ತಂಗಡಿ ತಾಲೂಕಿನ ಮೀನು ವ್ಯಾಪಾರಿಗೂ ತಿಮಿಂಗಿಲಕ್ಕೂ ಎಲ್ಲಿಯ ಸಂಬಂಧ ಎಂದು ನಿಮ್ಮ ಗುಮಾಸ್ತರು ಕೇಳಿದ್ದರು. ಸಂಬಂಧ ಇದು. ಬೂತಾಯಿ ಎಂಬ ಮೀನು ಬಹಳ ಬೇಗ ಕೆಡುತ್ತದೆ. ಕಡಲಿನಿಂದ ಮೇಲೆ ಬಂದು ಎಷ್ಟು ಗಂಟೆ ಆಯಿತು ಎಂದು ಗೊತ್ತಿಲ್ಲದಿದ್ದರೆ ಅದು ಬಂಟ್ವಾಳ, ಪುಂಜಾಲಕಟ್ಟೆ ದಾಟಿ ನಮ್ಮಲ್ಲಿಗೆ ಮುಟ್ಟುವಾಗ ಹೊಟ್ಟೆ ಒಡೆದಿರುತ್ತದೆ. ನನ್ನಿಂದ ತೆಗೆದುಕೊಂಡು ಕೊಕ್ಕಡ, ಅಳದಂಗಡಿ ಅಂತ ಬೈಕಿನಲ್ಲಿ ಹಾರ್ನ್ ಹೊಡೆಯುತ್ತಾ ಹೋಗುವವರು ಇದ್ದಾರಲ್ಲ, ಅವರಿಗೆ ಮನೆಮನೆಯ ಹೆಂಗಸರಿಂದ ಬೈಗುಳ. ಹಾಗಾಗಿ ನಮ್ಮ ಕಡೆಯ ವ್ಯಾಪಾರಿಗೆ ಒಂದು ಅಭ್ಯಾಸ ಉಂಟು. ದಿನಾ ಬೆಳಿಗ್ಗೆ ಫೋನಿನಲ್ಲಿ ಮೊದಲು ಕೇಳುವುದು ದರವನ್ನಲ್ಲ, "ಎಷ್ಟು ಮಾರು?" ಅಂತ. ಮಾರು ಅಂದರೆ ಎರಡು ಕೈ ಅಗಲಿಸಿದಷ್ಟು, ನೀರಿನ ಆಳದ ಅಳತೆ. ಹತ್ತು ಮಾರಿನ ಮೀನಾದರೆ ದಡಕ್ಕೆ ಹತ್ತಿರದ್ದು, ಎರಡು ಗಂಟೆಯದ್ದು. ಇಪ್ಪತ್ತೈದು ಮಾರು ಅಂದರೆ ದೂರದ್ದು, ಐಸ್ ಜಾಸ್ತಿ ಬೇಕು. ಆಮೇಲೆ ಯಾವ ದಿಕ್ಕು, ಯಾವ ಗುಡ್ಡ ಕಾಣುವ ಜಾಗ, ಅದನ್ನೂ ಕೇಳುತ್ತೇವೆ. ನಾನು ತೊಂಬತ್ತೊಂದರಿಂದ ಅದನ್ನು ಒಂದು ಉದ್ದ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದೆ.

ನನಗೆ ಹೇಳುತ್ತಿದ್ದವರು ಸಂಕಪ್ಪಣ್ಣ. ನಾಡದೋಣಿಯ ತಂಡೇಲ, ಅಂದರೆ ದೋಣಿ ನಡೆಸುವವರು. ಅವರ ಊರಿನ ಹೆಸರು ನಾನು ಬರೆಯುವುದಿಲ್ಲ. ಬರೆದು ಕೆಟ್ಟವ ನಾನು. ಕಡಲಿಗೆ ಹೋಗುವವರು ಮೀನು ಸಿಕ್ಕಿದ ಜಾಗವನ್ನು ಇನ್ನೊಬ್ಬ ಕಡಲಿಗೆ ಹೋಗುವವನಿಗೆ ಹೇಳುವುದಿಲ್ಲ. ಅಣ್ಣ ತಮ್ಮನಿಗೂ ಹೇಳುವುದಿಲ್ಲ. ಆದರೆ ಸಂಕಪ್ಪಣ್ಣ ನನಗೆ ಹೇಳುತ್ತಿದ್ದರು. "ನಿನಗೆ ಹೇಳಿದರೆ ಏನು ಹಮೀದ್ ಬ್ಯಾರಿ, ನೀನು ಕೆರೆಯ ಊರಿನವ, ಬಲೆ ತಗೊಂಡು ಬರ್ತೀಯಾ?" ಎಂದು ನಗುತ್ತಿದ್ದರು.

ತಿಮಿಂಗಿಲದ ವಿಷಯ ನನ್ನ ಪುಸ್ತಕಕ್ಕೆ ಸೇರಿದ್ದು ಹೀಗೆ. ಬೂತಾಯಿಯ ಹಿಂಡು ಇದ್ದಲ್ಲಿಗೆ ಅದೂ ಬರುತ್ತದೆ, ಅದಕ್ಕೂ ಹೊಟ್ಟೆ ಉಂಟಲ್ಲ. ಸಂಕಪ್ಪಣ್ಣನ ಊರಿನ ದೋಣಿಯವರಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟು ಇತ್ತು. ಹಿಂಡಿನ ನಡುವೆ ತಿಮಿಂಗಿಲ ತಿನ್ನುತ್ತಾ ಇದ್ದರೆ ಬಲೆ ಹಾಕಬಾರದು. ಮಿಷನು ನಿಲ್ಲಿಸಿ ಕಾಯಬೇಕು. ಅದು ಉಂಡು ಹೋದ ಮೇಲೆ ನಮಗೆ. ಅವಸರ ಮಾಡಿ ಬಲೆ ಬಿಟ್ಟವನ ಆ ದಿನದ ಮೀನನ್ನು ಊರಿನವರು ಯಾರೂ ಮುಟ್ಟುತ್ತಿರಲಿಲ್ಲ. ಹಾಗೆ ಕಾದ ದಿನ ದೋಣಿ ದಡಕ್ಕೆ ಬರುವುದು ತಡ ಆಗುತ್ತಿತ್ತು, ನನ್ನ ಟೆಂಪೋ ತಡ ಆಗುತ್ತಿತ್ತು, ನಾನು ಬಯ್ಯುತ್ತಿದ್ದೆ. "ಏನು ಮಾಡುವುದು, ದೊಡ್ಡವರು ಊಟಕ್ಕೆ ಕೂತಿದ್ದರು" ಅನ್ನುತ್ತಿದ್ದರು ಸಂಕಪ್ಪಣ್ಣ. ಅಂಥ ದಿನದ ಎದುರು ನಾನು ಒಂದು "ತಿ" ಅಂತ ಬರೆಯುತ್ತಿದ್ದೆ. ತಡವಾಯಿತು ಯಾಕೆ ಎಂದು ಗಿರಾಕಿಗಳಿಗೆ ಹೇಳಲಿಕ್ಕೆ, ಅಷ್ಟೇ. ಪ್ರಾಣಿದಯೆ ಗಿಯೆ ಏನೂ ಇರಲಿಲ್ಲ ನನಗೆ ಆಗ.

ಎರಡು ಸಾವಿರದ ಎರಡರಲ್ಲಿ, ಮಳೆ ಬಿಟ್ಟ ಸಮಯ. ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಾ ಅನಂತಮತಿ ಮೇಡಂ ನನ್ನ ಪಕ್ಕದ ಅಂಗಡಿಯ ಜಗಲಿಯಲ್ಲಿ ನಿಂತಿದ್ದರು. ಜೈನರ ಮನೆಯವರು, ಮೀನಿನ ಅಂಗಡಿಯ ಎದುರು ನಿಂತದ್ದೇ ದೊಡ್ಡದು, ಸೆರಗು ಮೂಗಿನ ಮೇಲೆ. ನಾನು ಫೋನಿನಲ್ಲಿ ಜೋರಾಗಿ ಕೇಳುತ್ತಿದ್ದೆ, "ಎಷ್ಟು ಮಾರು? ತಿಮಿಂಗಿಲ ಇತ್ತಾ? ಎಷ್ಟು ಇತ್ತು?" ಅಂತ. ಬಸ್ಸು ಬಂತು, ಹೋಯಿತು. ಅವರು ಹೋಗಲಿಲ್ಲ.

"ಸಾಹೇಬ್ರೇ, ನೀವು ಈಗ ಕೇಳಿದ್ದು ಎಂಥದ್ದು?" ಎಂದರು.

ನಾನು ಪುಸ್ತಕ ತೋರಿಸಿದೆ. ಅದರ ಮೇಲೆ ಮೀನಿನ ನೀರು, ಬೂತಾಯಿಯ ಹುರುಪೆ. ಅವರು ಮುಟ್ಟಲಿಲ್ಲ. "ನೀವೇ ಓದಿ, ನಾನು ಬರ್ಕೊಳ್ತೇನೆ" ಎಂದು ಜಗಲಿಯ ಮೇಲೆ ಕುಳಿತರು. ಆಮೇಲೆ ನಾಲ್ಕು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ, ನಾನು ಅಂಗಡಿಯ ಒಳಗಿಂದ ಓದುವುದು, ಅವರು ಪಕ್ಕದ ಜಗಲಿಯಿಂದ ಬರೆದುಕೊಳ್ಳುವುದು. ನನ್ನ ಹೆಂಡತಿ ನಸೀಬಾ ಹೇಳಿದ್ದಳು, "ಅಲ್ಲ, ಮೀನು ಮಾರಿ ನಿಮಗೆ ಸಾಕಾಗಲಿಲ್ಲವಾ, ಈಗ ಪಾಠ ಬೇರೆ ಹೇಳುವುದಾ?" ಎಂದು. ಅವಳ ಮಾತು ಕೇಳಬೇಕಿತ್ತು.

ಮೇಡಂ ಹನ್ನೆರಡು ವರ್ಷದ "ತಿ"ಗಳನ್ನೆಲ್ಲ ಒಂದು ಕಾಗದದ ಮೇಲೆ ಚುಕ್ಕಿ ಹಾಕಿ ತಂದು ತೋರಿಸಿದರು. ತೊಂಬತ್ತೊಂದು, ತೊಂಬತ್ತೆರಡರಲ್ಲಿ ಚುಕ್ಕಿಗಳೆಲ್ಲ ಹೊಳೆ ಕಡಲಿಗೆ ಸೇರುವ ಅಳಿವೆಯ ತೆಂಕು ಬದಿಯಲ್ಲಿ, ಒಂಬತ್ತು ಹತ್ತು ಮಾರು ನೀರಿನಲ್ಲಿ. ತೊಂಬತ್ತೇಳಕ್ಕೆ ಅಲ್ಲಿ ನಾಲ್ಕೈದು ಉಳಿದಿವೆ. ತೊಂಬತ್ತೊಂಬತ್ತರ ನಂತರ ಒಂದೂ ಇಲ್ಲ, ಎಲ್ಲವೂ ಬಡಗು ಪಡುವಣಕ್ಕೆ, ಇಪ್ಪತ್ತು ಮಾರಿನ ಆಚೆಗೆ. ಬೂತಾಯಿ ಹೋದಲ್ಲಿಗೆ ಅವೂ ಹೋಗಿವೆ. ನೀರು ಬಿಸಿಯಾಯಿತೋ, ದಡದ ಹತ್ತಿರ ನಾವು ಬಿಟ್ಟ ಹೊಲಸು ಹೆಚ್ಚಾಯಿತೋ, ನನಗೆ ಗೊತ್ತಿಲ್ಲ. ಮೇಡಂ ಕೂಡ ಗೊತ್ತಿಲ್ಲ ಎಂದೇ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ಅವರಿಗೆ ಉಂಟು.

ಆದರೆ ನಿಮ್ಮ ಕಚೇರಿಗೆ ಎಲ್ಲವೂ ಗೊತ್ತು. ತೊಂಬತ್ತೆರಡರಲ್ಲೇ ನೀವು ಕಡಲಿನ ಮೇಲೆ ಒಂದು ಗೆರೆ ಎಳೆದು, ಇದರ ಒಳಗೆ ದೊಡ್ಡ ಬಲೆ ಹಾಕಬಾರದು, ಬೋಟು ಮೆಲ್ಲ ಹೋಗಬೇಕು, ಇದು ತಿಮಿಂಗಿಲದ ಜಾಗ ಎಂದು ಹುಕುಂ ಮಾಡಿದ್ದಿರಿ. ಒಳ್ಳೆಯದೇ ಮಾಡಿದ್ದಿರಿ, ಆಗ ಅವು ಅಲ್ಲಿದ್ದವು. ಏಳು ವರ್ಷಕ್ಕೆ ಅವು ಅಲ್ಲಿಂದ ಗುಳೆ ಹೋದವು. ಗೆರೆ ಅಲ್ಲೇ ಉಳಿಯಿತು. ತಿಮಿಂಗಿಲಕ್ಕೆ ನಿಮ್ಮ ಗೆಜೆಟ್ ಓದಲಿಕ್ಕೆ ಬರುವುದಿಲ್ಲ, ಏನು ಮಾಡುವುದು? ನಿಮ್ಮ ಪಹರೆಯ ಬೋಟು ಮಾತ್ರ ವಾರಕ್ಕೆ ಎರಡು ಸಲ ಆ ಖಾಲಿ ನೀರಿಗೆ ಹೋಗಿ ಕಾವಲು ಕಾದು ಬರುತ್ತಿತ್ತು. ಹಕ್ಕಿ ಹಾರಿಹೋದ ಗೂಡಿಗೆ ಬೀಗ ಹಾಕಿ, ಬೀಗಕ್ಕೆ ಎಣ್ಣೆ ಬಿಡುತ್ತಿದ್ದಿರಿ.

ಗೆರೆಯನ್ನು ಸ್ವಲ್ಪ ಸರಿಸಿ ಎಂದು ಕೇಳಲಿಕ್ಕೆ ನಾನು ಮತ್ತು ಮೇಡಂ ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ನಿಮ್ಮ ಕಚೇರಿಗೆ ಬಂದೆವು. ಆಗ ನಿಮ್ಮ ಕುರ್ಚಿಯಲ್ಲಿ ಬೇರೆಯವರಿದ್ದರು. ಅವರನ್ನು ನೋಡಲಿಕ್ಕೆ ಮೊದಲು ಒಂದು ಅರ್ಜಿ ತುಂಬಬೇಕಿತ್ತು. ಅರ್ಜಿಯಲ್ಲಿ "ಕರಾವಳಿ ತೀರದ ಗ್ರಾಮ" ಎಂದು ಒಂದು ಕಲಂ. ನಾನು ಗುರುವಾಯನಕೆರೆ ಎಂದು ಬರೆದೆ. ಗುಮಾಸ್ತರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಬೆಳ್ತಂಗಡಿ ತಾಲೂಕಿಗೆ ಕಡಲು ಉಂಟಾ?"

"ಕಡಲು ಇಲ್ಲ ಸಾರ್. ಮಾಹಿತಿ ಉಂಟು."

"ಹಾಗೆ ಆಗುವುದಿಲ್ಲ. ತೀರದ ಗ್ರಾಮದ ವಿಳಾಸ ಇಲ್ಲದಿದ್ದರೆ ಅರ್ಜಿ ಸ್ವೀಕಾರ ಇಲ್ಲ. ಯಾರಾದರೂ ಪರಿಚಯದವರು ಇದ್ದರೆ ಅವರದ್ದು ಹಾಕಿ. ಇದೊಂದು ಫಾರ್ಮಾಲಿಟಿ."

ಮೂರು ದಿನ ಅದಕ್ಕೇ ತಿರುಗಿದ್ದೆ. ನಾಲ್ಕನೇ ದಿನ ಸಾಕಾಗಿ, ಆ ಕಲಂನಲ್ಲಿ ಸಂಕಪ್ಪಣ್ಣನ ಹೆಸರು, ವಿಳಾಸ ಬರೆದುಬಿಟ್ಟೆ. ಅವರನ್ನು ಕೇಳಲಿಲ್ಲ. ಮೀನಿನ ಕಟ್ಟಿಗೆ ಚೀಟಿ ಬರೆಯುವಾಗ ನಾವು ವ್ಯಾಪಾರಿಗಳು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಮಾಲು ಕಳುಹಿಸುವುದು ಉಂಟು, ಅದರಲ್ಲಿ ತಪ್ಪು ತಿಳಿಯುವುದಿಲ್ಲ. ಅದೇ ಅಭ್ಯಾಸದಲ್ಲಿ ಬರೆದೆ. ಈ ಇಡೀ ಕತೆಯಲ್ಲಿ ನನ್ನ ತಪ್ಪು ಇದು, ಇದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಉಳಿದದ್ದು ನಿಮ್ಮದು.

ಅರ್ಜಿ ಸ್ವೀಕಾರ ಆಯಿತು. ನನ್ನ ಪುಸ್ತಕ ಇಟ್ಟುಕೊಂಡರು. ಆಗ ಕುರ್ಚಿಯಲ್ಲಿದ್ದವರು ಬಹಳ ಸಂತೋಷಪಟ್ಟರು, ಚಹಾ ತರಿಸಿದರು, "ಜನರ ಸಹಭಾಗಿತ್ವ" ಎಂಬ ಮಾತನ್ನು ಆರು ಸಲ ಹೇಳಿದರು. ಗೆರೆ ಸರಿಸುವುದು ಯಾವಾಗ ಎಂದು ಮೇಡಂ ಕೇಳಿದರು. ಅದಕ್ಕೆ ಬೆಂಗಳೂರಿನ ಒಪ್ಪಿಗೆ ಬೇಕಂತೆ, ಬೆಂಗಳೂರಿಗೆ ದಿಲ್ಲಿಯ ಒಪ್ಪಿಗೆ ಬೇಕಂತೆ, ದಿಲ್ಲಿಯವರು ಸಮಿತಿ ಮಾಡಬೇಕಂತೆ. "ಅಷ್ಟರವರೆಗೆ ನಾವು ಸುಮ್ಮನೆ ಕೂರುವುದಿಲ್ಲ, ಜಾಗೃತಿ ಮೂಡಿಸುತ್ತೇವೆ" ಎಂದರು. ದೇವರೇ, ಸುಮ್ಮನೆ ಕೂತಿದ್ದರೆ ಎಷ್ಟು ಒಳ್ಳೆಯದಿತ್ತು! ಸರಕಾರದ ಕಚೇರಿ ಸುಮ್ಮನೆ ಕೂರಲಿ ಎಂದು ಯಾರೂ ಅಲ್ಲಾಹುವಿನಲ್ಲಿ ಬೇಡಿರಲಿಕ್ಕಿಲ್ಲ. ನಾನು ಈಗ ಬೇಡುತ್ತೇನೆ.

ಎರಡು ವರ್ಷ ಬಿಟ್ಟು, ಹೋದ ವರ್ಷ ಸೆಪ್ಟೆಂಬರಿನಲ್ಲಿ ನಿಮ್ಮ ಕೈಪಿಡಿ ಬಿಡುಗಡೆಯಾಯಿತು. ಹದಿನಾರು ಪುಟ, ನುಣುಪು ಕಾಗದ. ಮುಖಪುಟದಲ್ಲಿ ಎಲ್ಲಿಯದೋ ಹೊರದೇಶದ ಕಡಲಿನಲ್ಲಿ ಹಾರುವ ತಿಮಿಂಗಿಲ, ಅದಕ್ಕಿಂತ ದೊಡ್ಡದಾಗಿ ಕಚೇರಿಯವರ ಫೋಟೋ. ಒಂಬತ್ತನೇ ಪುಟದಲ್ಲಿ ಒಂದು ನಕಾಶೆ: "ನಮ್ಮ ಕಡಲಿನಲ್ಲಿ ತಿಮಿಂಗಿಲಗಳು ಎಲ್ಲಿವೆ?" ಆಗಸ್ಟಿನಿಂದ ಡಿಸೆಂಬರಿನ ತನಕ, ತಿಂಗಳಿಗೆ ಒಂದೊಂದು ಜಾಗ. ನನ್ನ ಮಾರು, ನನ್ನ ದಿಕ್ಕು, ಸಂಕಪ್ಪಣ್ಣ ಹೇಳಿದ ಗುಡ್ಡ, ಎಲ್ಲವನ್ನೂ ಯಾರೋ ಬಹಳ ಶ್ರದ್ಧೆಯಿಂದ ಕೂತು ಜಿಪಿಎಸ್ಸಿನ ಅಂಕಿಗೆ ಇಳಿಸಿದ್ದರು. ನಿಮ್ಮ ಕಚೇರಿಯಲ್ಲಿ ಶ್ರದ್ಧೆಯಿಂದ ನಡೆದ ಒಂದೇ ಕೆಲಸ ನಾನು ನೋಡಿದ್ದು ಅದು. ಗೆರೆ ಸರಿಸಲಿಕ್ಕೆ ದಿಲ್ಲಿ ಬೇಕು. ಜಾಗ ಅಚ್ಚು ಹಾಕಲಿಕ್ಕೆ ಒಂದು ಪ್ರೆಸ್ಸು ಸಾಕು.

ಆ ಕೈಪಿಡಿಯನ್ನು ಶಾಲೆಗಳಿಗೆ ಕೊಟ್ಟಿರಾ? ಇಲ್ಲ. "ಅರಿವು ಮೂಡಿಸುವ ಸಲುವಾಗಿ" ದಕ್ಕೆಯಲ್ಲಿ, ಅಂದರೆ ಬೋಟುಗಳು ಬಂದು ಮೀನು ಇಳಿಸುವ ಕಟ್ಟೆಯಲ್ಲಿ, ಶಾಮಿಯಾನ ಹಾಕಿ, ಬೋಟಿನ ಮಾಲಕರಿಗೆಲ್ಲ ಒಂದೊಂದು ಪ್ರತಿ, ಒಂದೊಂದು ಟೋಪಿ ಹಂಚಿದಿರಿ. ತಿಮಿಂಗಿಲ ಇದ್ದಲ್ಲಿ ಬೂತಾಯಿ ಉಂಟು ಎಂದು ಬೋಟಿನವರಿಗೆ ಯಾರು ಹೊಸತಾಗಿ ಕಲಿಸಬೇಕು ಸ್ವಾಮಿ? ಹುಟ್ಟಿದ ಮಗುವಿಗೂ ಗೊತ್ತು ಅಲ್ಲಿ. ಕಳ್ಳನ ಕೈಗೆ ಬೀಗದ ಕೈ ಕೊಡುವವರನ್ನು ನೋಡಿದ್ದೇನೆ. ಟೋಪಿ ಇಟ್ಟು, ಹಾರ ಹಾಕಿ ಕೊಟ್ಟದ್ದನ್ನು ನೋಡಿದ್ದು ಅದೇ ಮೊದಲು. ಬೋಟಿನವರನ್ನು ಕಳ್ಳರು ಎನ್ನುತ್ತಿಲ್ಲ, ಅವರಿಗೂ ಹೊಟ್ಟೆಪಾಡು. ಡೀಸೆಲ್ ಸುಟ್ಟು ಹುಡುಕುವುದನ್ನು ನೀವೇ ಹುಡುಕಿ ಕೊಟ್ಟರೆ ಯಾರು ಬೇಡ ಎನ್ನುತ್ತಾರೆ?

ಕೈಪಿಡಿಯ ಕೊನೆಯ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ: "ಈ ಅಮೂಲ್ಯ ಮಾಹಿತಿಯನ್ನು ಒದಗಿಸಿದ ಸಾಂಪ್ರದಾಯಿಕ ಮೀನುಗಾರ ಶ್ರೀ ಸಂಕಪ್ಪ ಇವರಿಗೆ ಕೃತಜ್ಞತೆಗಳು."

ಅರ್ಜಿಯ ಕಲಂನಿಂದ ಎತ್ತಿ ಹಾಕಿದ್ದು.

ನವೆಂಬರ್ ಎರಡನೇ ವಾರ. ನಕಾಶೆಯ ನವೆಂಬರಿನ ಜಾಗದಲ್ಲಿಯೇ ಸಂಕಪ್ಪಣ್ಣನ ದೋಣಿ ಮಿಷನು ನಿಲ್ಲಿಸಿ ಕಾಯುತ್ತಿತ್ತು. ಹಿಂಡಿನ ನಡುವೆ ನಾಲ್ಕು ತಿಮಿಂಗಿಲ. ಅದರಲ್ಲಿ ಒಂದು ತಾಯಿ, ಒಂದು ಮರಿ. ದೊಡ್ಡ ಬೋಟು ಒಂದು ಬಂತು, ಎಲ್ಲಿಯದೆಂದು ಗೊತ್ತಿಲ್ಲ, ಬಂದದ್ದೇ ಹಿಂಡನ್ನೂ ತಿಮಿಂಗಿಲವನ್ನೂ ಸೇರಿಸಿ ಸುತ್ತ ಬಲೆ ಬಿಟ್ಟಿತು. ದೋಣಿಯವರು ಎದ್ದು ನಿಂತು ಬೊಬ್ಬೆ ಹೊಡೆದರು, ಕೈ ಬೀಸಿದರು. ಬೋಟಿನ ಮೇಲಿದ್ದವ ಒಬ್ಬ ಏನು ಮಾಡಿದ ಗೊತ್ತುಂಟಾ? ನಿಮ್ಮ ಕೈಪಿಡಿಯನ್ನು ಎತ್ತಿ ತೋರಿಸಿದ. "ಇಲ್ಲೇ ಉಂಟು ಅಂತ ಗವರ್ಮೆಂಟೇ ಬರ್ದಿದೆ ಮಾರಾಯ್ರೇ!" ಎಂದು ಕೂಗಿ ಹೇಳಿದ.

ಎರಡು ತಪ್ಪಿಸಿಕೊಂಡವು. ಮರಿ ಬಲೆಯ ಹೊರಗೆ ಉಳಿಯಿತು. ತಾಯಿ ಒಳಗೆ. ತಿಮಿಂಗಿಲ ನಮ್ಮ ಹಾಗೆ ಗಾಳಿ ಎಳೆದು ಬದುಕುವ ಪ್ರಾಣಿ, ಹಾಲು ಕುಡಿಸುವ ಪ್ರಾಣಿ, ಇದು ನಿಮ್ಮದೇ ಕೈಪಿಡಿಯ ಮೂರನೇ ಪುಟದಲ್ಲಿ ಉಂಟು. ಬಾಲಕ್ಕೆ ಹಗ್ಗ ಸುತ್ತಿತು, ಮೇಲೆ ಬರಲಿಕ್ಕೆ ಆಗಲಿಲ್ಲ. ಬಲೆ ಕಡಿಯಲಿಕ್ಕೆ ಬೋಟಿನವರಿಗೆ ಮನಸ್ಸು ಬರುವಾಗ ಒಂದು ಗಂಟೆ ಕಳೆದಿತ್ತು. ಸಂಕಪ್ಪಣ್ಣ ಅಷ್ಟು ಹೊತ್ತೂ ಅಲ್ಲಿಯೇ ಇದ್ದು ನೋಡಿದರು. ಮೂರನೇ ದಿನ ಅದರ ಹೆಣ ಅವರ ಊರಿನ ಮರಳಿಗೇ ಬಂದು ಬಿತ್ತು.

ಸುದ್ದಿ ಕೇಳಿ ನಾನು ಮೊದಲ ಬಸ್ಸಿಗೆ ಹೊರಟೆ. ಮೂವತ್ತು ವರ್ಷ ಸತ್ತ ಮೀನು ಮಾರಿದವ ನಾನು, ಸತ್ತದ್ದನ್ನು ನೋಡಿ ನನಗೆ ಏನೂ ಆಗುವುದಿಲ್ಲ ಎಂದುಕೊಂಡಿದ್ದೆ. ಅದರ ಹೊಟ್ಟೆಯ ಅಡಿಯಲ್ಲಿ ಹಾಲು ಬಂದು ಮರಳು ಬೆಳ್ಳಗಾಗಿತ್ತು. ನಾನು ಅಲ್ಲಿಯೇ ಕೂತುಬಿಟ್ಟೆ. ತೆರೆಯ ಆಚೆ ಒಂದು ಸಣ್ಣ ಬೆನ್ನು ಎದ್ದು ಮುಳುಗಿ, ಎದ್ದು ಮುಳುಗಿ ಮಾಡುತ್ತಿತ್ತು. ಎರಡು ದಿನ ಹಾಗೆ ಇತ್ತಂತೆ, ಮತ್ತೆ ಕಾಣಲಿಲ್ಲ. ಅಷ್ಟು ಸಣ್ಣ ಮರಿ ತಾಯಿ ಇಲ್ಲದೆ ಬದುಕುವುದಿಲ್ಲ ಎಂದು ಮೇಡಂ ಹೇಳಿದರು. ಹೇಳಿ, ಮುಖ ತಿರುಗಿಸಿದರು.

ಸಂಕಪ್ಪಣ್ಣ ಬಂದರು. ಕೈಯಲ್ಲಿ ಕೈಪಿಡಿ. ಅವರಿಗೆ ಓದಲಿಕ್ಕೆ ಅಷ್ಟಾಗಿ ಬರುವುದಿಲ್ಲ, ಊರಿನವರು ಓದಿ ಹೇಳಿದ್ದರು. ಒಂಬತ್ತನೇ ಪುಟ ಬಿಡಿಸಿ ಬೆರಳಿಟ್ಟರು. "ಇದು ನಾನು ನಿನಗೆ ಹೇಳಿದ ಜಾಗ ಅಲ್ಲವಾ?" ಎಂದು ತುಳುವಿನಲ್ಲಿ ಕೇಳಿದರು. ನಾನು ಹೌದು ಎಂದೆ. ಕೊನೆಯ ಪುಟ ಬಿಡಿಸಿದರು. "ಇದು ನನ್ನ ಹೆಸರು ಅಂತೆ." ನಾನು ಹೌದು ಎಂದೆ. "ಕಡಲು ಇಲ್ಲದ ಊರಿನವ ಅಂತ ಹೇಳಿದ್ದು ಬ್ಯಾರಿ ನಿನಗೆ," ಎಂದರು. ಬಯ್ದಿದ್ದರೆ, ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಅಷ್ಟು ಹೇಳಿ ಹೋದರು. ಆ ದಿನದಿಂದ ನನಗೆ ಅವರ ಫೋನು ಇಲ್ಲ.

ಅವರ ಊರಿನಲ್ಲಿ ಈಗ ಏನು ಮಾತು ಎಂದರೆ, ಸಂಕಪ್ಪ ಊರಿನ ಜಾಗವನ್ನು ಸರಕಾರಕ್ಕೆ ಮಾರಿದ ಅಂತ. ಟೋಪಿ ಸಿಕ್ಕಿದೆ ಅವನಿಗೆ, ಇನ್ನೇನು ಸಿಕ್ಕಿದೆಯೋ ಅಂತ. ಅವರ ದೋಣಿಗೆ ಎಂಟು ಜನ ಬೇಕು, ಈಗ ಮೂವರು ಬರುತ್ತಾರೆ, ಅದೂ ಅವರ ಮನೆಯವರೇ. ಹೆಣದ ವಿಚಾರಣೆಗೆ ಎಂದು ನಿಮ್ಮ ಕಚೇರಿ ಯಾರನ್ನು ಕರೆಸಿತು? ಬಲೆ ಹಾಕಿದ ಬೋಟು ಯಾವುದೆಂದು ಗೊತ್ತಾಗಲಿಲ್ಲವಂತೆ. ನಕಾಶೆ ಮಾಡಿದವರನ್ನು ಕೇಳುವ ಹಾಗಿಲ್ಲ, ಅವರಿಗೆ ಬಡ್ತಿ ಸಿಕ್ಕಿ ವರ್ಗವಾಗಿತ್ತು. ಹೆಸರು ಗೊತ್ತಿದ್ದವರು ಒಬ್ಬರೇ, ಸಂಕಪ್ಪ, ಏಕೆಂದರೆ ನೀವೇ ಅಚ್ಚು ಹಾಕಿದ್ದಿರಿ. ಮೂರು ಸಲ ಸಮನ್ಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗಾದೆ ಕೇಳಿದ್ದೆ. ಇಡೀ ಕಡಲಿನಲ್ಲಿ ಮಿಷನು ನಿಲ್ಲಿಸಿ ಕಾದವ ಯಾರೋ ಅವನಿಗೇ ವಿಚಾರಣೆ. ಸಂರಕ್ಷಣೆ ಎಂದರೆ ಇದೇ ಇರಬೇಕು, ನಾವು ಓದದವರು, ನಮಗೆ ಅರ್ಥ ಆಗುವುದಿಲ್ಲ.

ನಾನು ಬಂದು ಹೇಳಿದೆನಲ್ಲ, ಪುಸ್ತಕ ನನ್ನದು, ಅಕ್ಷರ ನನ್ನದು, ಆ ಮನುಷ್ಯನಿಗೆ ಗೊತ್ತೂ ಇಲ್ಲ ಎಂದು. ನಿಮ್ಮ ಕಚೇರಿಯ ಉತ್ತರ ನನ್ನ ಹತ್ತಿರ ಉಂಟು: "ಸದರಿ ಅರ್ಜಿಯಲ್ಲಿ ಮಾಹಿತಿದಾರರು ಸಂಕಪ್ಪ ಎಂದು ನಮೂದಾಗಿರುವುದರಿಂದ, ತಾವು ಈ ಪ್ರಕರಣದಲ್ಲಿ ಸಂಬಂಧಪಟ್ಟ ವ್ಯಕ್ತಿಯಾಗಿರುವುದಿಲ್ಲ." ನಾನು ಸಂಬಂಧಪಟ್ಟ ವ್ಯಕ್ತಿ ಅಲ್ಲ! ಆ ಹಾಲು ನೋಡಿದವ ನಾನು. ಇವತ್ತಿಗೂ ಅನ್ನಕ್ಕೆ ಕೈ ಹಾಕಿದಾಗ ಅದು ನೆನಪಾಗುತ್ತದೆ. ನಸೀಬಾ ಅನ್ನ ಉಳಿದ ತಟ್ಟೆ ಎತ್ತಿಕೊಂಡು ಹೋಗುತ್ತಾಳೆ. ಸಂಬಂಧಪಡುವುದು ಎಂದರೆ ಇನ್ನು ಹೇಗೆ, ನೀವೇ ಹೇಳಿ.

ಮೇಡಂ ನಿಮಗೆ ಮೂರು ಪತ್ರ ಬರೆದರು, ನಕಾಶೆಯನ್ನು ಹಿಂದಕ್ಕೆ ಪಡೆಯಿರಿ ಎಂದು. ಒಂದಕ್ಕೆ ಉತ್ತರ ಬಂತು. ಪ್ರತಿಗಳು ಹಂಚಿ ಮುಗಿದಿರುವುದರಿಂದ ಹಿಂಪಡೆಯುವ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು. ಆದರೆ ಎರಡನೇ ಮುದ್ರಣದ ಪ್ರಶ್ನೆ ಉದ್ಭವಿಸುತ್ತದೆ. ಮೊದಲ ಮುದ್ರಣ ಜನಪ್ರಿಯವಾಗಿದೆ, ದಕ್ಕೆಯಿಂದ ಬೇಡಿಕೆ ಉಂಟು ಎಂದು ನಿಮ್ಮ ಪತ್ರದಲ್ಲಿಯೇ ಬರೆದಿದ್ದೀರಿ. ಬೇಡಿಕೆ ಇರದೆ ಉಂಟಾ? ಹೋದ ವರ್ಷ ಹೆಣ ಬಿದ್ದ ಮೇಲೆ ಗಲಾಟೆಯಾಗಿ ದೊಡ್ಡ ಬೋಟುಗಳು ಆ ಕಡೆ ಹೋಗಲು ಹೆದರಿದವು. ಈಗ ಹೆದರಿಕೆ ತಣಿದಿದೆ. ಮಳೆಗಾಲದ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟುಗಳು ನೀರಿಗೆ ಇಳಿಯುವಾಗ, ನಿಮ್ಮ ನಕಾಶೆಯ ಆಗಸ್ಟಿನ ಜಾಗದಿಂದಲೇ ಶುರು ಮಾಡುತ್ತಾರೆ. ಅಲ್ಲಿಗೆ ಬರುತ್ತಿದ್ದ ನಾಲ್ಕರಲ್ಲಿ ಉಳಿದಿರುವುದು ಎರಡು ತಿಮಿಂಗಿಲ. ಇಡೀ ಲೋಕದಲ್ಲಿ ಎಷ್ಟು ಉಂಟು ನನಗೆ ಗೊತ್ತಿಲ್ಲ. ನಮ್ಮ ಪುಸ್ತಕದಲ್ಲಿ ಎರಡು.

ಆದ್ದರಿಂದ ನಾನು ಕೇಳುವುದು ಇಷ್ಟು. ಬೋಟು ಇಳಿಯುವ ದಿನದ ಮೊದಲು ಆ ನಕಾಶೆ ರದ್ದು ಎಂದು ಹುಕುಂ ಮಾಡಿ, ಕೈಪಿಡಿ ಹಂಚಿದ ಅದೇ ದಕ್ಕೆಯಲ್ಲಿ, ಅದೇ ಮೈಕಿನಲ್ಲಿ ನೀವೇ ನಿಂತು ಓದಿ. ಸಂಕಪ್ಪ ಎಂಬವರು ನಮಗೆ ಯಾವ ಮಾಹಿತಿಯನ್ನೂ ಕೊಟ್ಟಿಲ್ಲ, ಅವರ ಹೆಸರು ಹಾಕಿದ್ದು ನಮ್ಮ ತಪ್ಪು ಎಂದೂ ಓದಿ. ಕಚೇರಿ ತಪ್ಪು ಒಪ್ಪಿದರೆ ಆಕಾಶ ಬೀಳುವುದಿಲ್ಲ. ಗೆರೆ ಸರಿಸುವುದು ದಿಲ್ಲಿಯಿಂದ ಆಗಲಿ, ಎಷ್ಟು ವರ್ಷಕ್ಕಾದರೂ ಆಗಲಿ. ಅಷ್ಟರವರೆಗೆ, ದಯವಿಟ್ಟು, ಕಾಪಾಡಬೇಡಿ. ಆ ಎರಡನ್ನು ಅವುಗಳ ಪಾಡಿಗೆ ಬಿಡಿ.

ನೀವು ಓದದಿದ್ದರೆ ಆ ದಿನ ಬೆಳಿಗ್ಗೆ ನಾನು ದಕ್ಕೆಗೆ ಹೋಗುತ್ತೇನೆ. ಎಲ್ಲ ಬೋಟಿನವರ ಎದುರು ನಿಂತು ಹೇಳುತ್ತೇನೆ: ಸಂಕಪ್ಪಣ್ಣ ನನಗೆ ಏನೂ ಹೇಳಲಿಲ್ಲ, ಆ ಜಾಗ, ಆ ಮಾರು, ಆ ತಿಂಗಳು ಎಲ್ಲವೂ ನಾನು ಗುರುವಾಯನಕೆರೆಯ ಅಂಗಡಿಯಲ್ಲಿ ಕೂತು ಕಟ್ಟಿದ ಸುಳ್ಳು, ಸರಕಾರ ಅದನ್ನು ನಂಬಿ ಅಚ್ಚು ಹಾಕಿಸಿತು. ಹೋದ ವರ್ಷ ಅಲ್ಲಿ ಸಿಕ್ಕಿದ್ದು ನಸೀಬು. ಅಯ್ಯೋ, ಇದನ್ನೆಲ್ಲ ಪೇಪರಿನಲ್ಲಿ ಬರೆದ ಮೇಲೆ ಯಾರು ನಂಬುತ್ತಾರೆ ಎಂದು ಮೇಡಂ ಕೇಳಿದರು. ನಂಬದಿರಲಿ. ಪುಸ್ತಕ ಸುಳ್ಳೋ, ದಕ್ಕೆಯಲ್ಲಿ ಹೇಳಿದ್ದು ಸುಳ್ಳೋ, ಈ ಪತ್ರ ಸುಳ್ಳೋ, ಅವರೇ ಕೂತು ಯೋಚನೆ ಮಾಡಲಿ. ನಾನು ಸುಳ್ಳುಗಾರ ಎಂದು ನನ್ನ ಬಾಯಿಯಿಂದಲೇ ಒಮ್ಮೆ ಹೊರಗೆ ಬಿದ್ದರೆ ಸಾಕು, ಮತ್ತೆ ನನ್ನ ಅಕ್ಷರವನ್ನು ನಂಬಿ ಡೀಸೆಲ್ ಸುಡುವ ಮೂರ್ಖ ಯಾರೂ ಇಲ್ಲ. ಹಾಗೆಯೇ ನನ್ನ ಮಾತು ನಂಬಿ ಮೀನು ಕೊಳ್ಳುವವರೂ ಇರುವುದಿಲ್ಲ, ಅದು ನನಗೆ ಗೊತ್ತುಂಟು. ನಿನ್ನೆಯ ಮೀನನ್ನು ಇವತ್ತಿನದ್ದು ಎಂದು ಹಮೀದ್ ಹೇಳಿದ ಅಂತ ಮೂವತ್ತು ವರ್ಷದಲ್ಲಿ ಬೆಳ್ತಂಗಡಿ ತಾಲೂಕಿನ ಒಂದು ಹೆಂಗಸು ಹೇಳಿದ್ದಿಲ್ಲ. ನನ್ನ ಹತ್ತಿರ ಬೇರೆ ಆಸ್ತಿ ಇಲ್ಲ.

ಇಂತಿ,
ಬೋಟು ನೀರಿಗೆ ಇಳಿಯುವ ದಿನದ ತನಕ ನಂಬಬಹುದಾದ,
ಶಾಹುಲ್ ಹಮೀದ್
ಮೀನು ವ್ಯಾಪಾರ, ಗುರುವಾಯನಕೆರೆ
ಜುಲೈ ೨೦೦೬